ಉಡಿಯಲ್ಲಿ ಬಂದ ಗ್ರಾಫಿಕ್ಸ್ ಕಾರ್ಡು

ಶನಿವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಇಳಕಲ್ ಬಿಟ್ಟೆ. ಚೀಲದಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸಾಮಾನು ಸುತ್ತಲು ನಾಲ್ಕು ಹಳೆಯ ಟವೆಲ್ಲು, ನನ್ನ ಅಳತೆ ಟೇಪು ಇದ್ದವು. ರವಿಕೆ ಹೊಲಿದು ಕೂಡಿಸಿದ ಇಪ್ಪತ್ತೆಂಟು ಸಾವಿರ ರೂಪಾಯಿ ಸೊಂಟದಲ್ಲಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ, ಹಾಗಾಗಿ ಹಣವೆಲ್ಲ ಕಂಪ್ಯೂಟರಿಗೇ ಮೀಸಲು. ಮಗ್ಗ ನಿಲ್ಲಿಸಿ ನನ್ನನ್ನು ಕಳಿಸಲು ಬಂದಿದ್ದ ನಮ್ಮವರು ಕಿಟಕಿಯ ಕೆಳಗೆ ನಿಂತು, ಬಿಡಿಭಾಗ ಕೂಡಿಸಲು ಬರದಿದ್ದರೆ ಅದಕ್ಕೂ ಎರಡು ಹೊಲಿಗೆ ಹಾಕಿಬಿಡು ಎಂದು ಚೇಷ್ಟೆ ಮಾಡಿದರು.

ನನ್ನ ಆಸೆ ಇಪ್ಪತ್ತು ವರ್ಷದ್ದು. ಮದುವೆಗೆ ಮುಂಚೆ ಟೈಪಿಂಗ್ ಕಲಿಯಲು ಹೋಗುತ್ತಿದ್ದಾಗ ಅಲ್ಲಿಯ ಮಾಸ್ತರರು ಒಂದು ದಿನ ಕಾರು ಓಡಿಸುವ ಆಟ ಹಚ್ಚಿ ಎಲ್ಲರಿಗೂ ಐದೈದು ನಿಮಿಷ ಬಿಟ್ಟರು. ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ, ನಡುವೆ ಖಾಲಿ ರಸ್ತೆ. ಒಂದು ತಿರುವಿಗೆ ಬರುವಷ್ಟರಲ್ಲಿ ಐದು ನಿಮಿಷ ಆಯಿತು, ಏಳವ್ವ ಅಂದರು. ನಾನು ಸಮುದ್ರ ನೋಡಿದ್ದು ಅಷ್ಟೇ. ಮೊಬೈಲಿನಲ್ಲೇ ಆಡಬಹುದಲ್ಲ ಎಂದು ನಮ್ಮವರು ಅಂದಿದ್ದರು. ಅಂಗೈಯಷ್ಟು ಸಮುದ್ರ ನನಗೆ ಬೇಡವಾಗಿತ್ತು. ಅದೇ ಆಟದ ಹೊಸ ಅವತಾರಕ್ಕೆ ಒಳ್ಳೆಯ ಯಂತ್ರ ಬೇಕಿತ್ತು, ಹೊಸದನ್ನು ಕೊಳ್ಳುವ ತಾಕತ್ತು ನನಗಿರಲಿಲ್ಲ. ಬಿಡಿಬಿಡಿಯಾಗಿ ತಂದು ಕೂಡಿಸುವುದೆಂದು ನಿಶ್ಚಯ ಮಾಡಿದ್ದೆ.

ಅರ್ಧ ತಾಸಿನೊಳಗೆ ಹುನಗುಂದ ಬಂತು. ಮುಚ್ಚಿದ ಸೈಬರ್ ಸೆಂಟರಿನ ಯಜಮಾನರೊಬ್ಬರು ಹಳೆಯ ಕಂಪ್ಯೂಟರ್ ಡಬ್ಬಿಗಳನ್ನೂ ಮಾನಿಟರುಗಳನ್ನೂ ಮಾರಲು ಇಟ್ಟಿದ್ದರು. ನಾನು ಟೇಪು ತೆಗೆದು ಡಬ್ಬಿಯ ಒಳಗನ್ನು ರವಿಕೆಯ ಅಳತೆ ಹಿಡಿದ ಹಾಗೇ ಹಿಡಿದೆ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಒಂಬತ್ತು ಇಂಚು ಜಾಗ ಬೇಕಿತ್ತು, ಹನ್ನೊಂದು ಸಿಕ್ಕಿತು. ಡಬ್ಬಿ, ಮಾನಿಟರು ಸೇರಿ ಎರಡು ಸಾವಿರಕ್ಕೆ ಮಾತು ಮುಗಿಯಿತು. ಸಂಜೆ ಬಸ್ ನಿಲ್ದಾಣಕ್ಕೇ ತಂದುಕೊಡಲು ಒಪ್ಪಿದ ಅವರು, ಮಗನಿಗೇನ್ರಿ ಎಂದು ಕೇಳಿದರು. ನಾನು ಹೂಂ ಅಂದುಬಿಟ್ಟೆ. ನಲವತ್ತರ ಹೆಂಗಸು ಕಾರಿನ ಆಟಕ್ಕಾಗಿ ಊರೂರು ಅಲೆಯುತ್ತಾಳೆಂದು ಹೇಳಲು ನಾಲಿಗೆ ಹೊರಳಲಿಲ್ಲ.

ನಮಗೆ ಮಕ್ಕಳಿಲ್ಲ. ಹುನಗುಂದದಿಂದ ಬಾಗಲಕೋಟೆಗೆ ಹೋಗುವ ರಸ್ತೆಯ ಒಂದೊಂದು ಉಬ್ಬು ನನಗೆ ಗೊತ್ತಿರುವುದೂ ಅದಕ್ಕೇ. ಆರು ವರ್ಷ ಇದೇ ದಾರಿಯಲ್ಲಿ ದವಾಖಾನೆಗೆ ಓಡಾಡಿದ್ದೇನೆ. ಹೋಗುವಾಗ ಕಿಟಕಿಯ ಕಡೆ ಕುಳಿತು ಹೊಲ ನೋಡುತ್ತಿದ್ದೆ, ಬರುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ನಾಲ್ಕು ವರ್ಷದ ಹಿಂದೆ, ಇನ್ನು ಸಾಕು ಎಂದು ನಾವಿಬ್ಬರೂ ಕೂಡಿಯೇ ಬಿಟ್ಟೆವು. ಆಸೆ ಮಾತ್ರ ಬಿಡಲಿಲ್ಲ. ಆ ಶನಿವಾರವೂ ಬಾಗಲಕೋಟೆಯ ನವನಗರದ ದವಾಖಾನೆಯ ಮುಂದೆ ಬಸ್ಸು ಹಾದಾಗ ಕೈ ತಾನಾಗಿ ಚೀಲ ಎತ್ತಿಕೊಂಡಿತ್ತು. ಅಲ್ಲಿ ಇಳಿಯುವುದಿಲ್ಲವೆಂದು ಆಮೇಲೆ ನೆನಪಾಯಿತು.

ನವನಗರದ ಅಂಗಡಿಯವರು ಹಳೆಯ ಮದರ್‌ಬೋರ್ಡು, ಪ್ರೊಸೆಸರು, ರ‍್ಯಾಮು ತೋರಿಸಿ, ಹಚ್ಚಿ ನಡೆಸಿಯೂ ಕೊಟ್ಟರು. ಕರೆಂಟು ಕೊಡುವ ಪವರ್ ಸಪ್ಲೈ ಮಾತ್ರ ಹಳೆಯದು ಕೊಳ್ಳಬೇಡಿ, ಅದೊಂದು ಸುಟ್ಟರೆ ಉಳಿದದ್ದನ್ನೂ ಸುಟ್ಟುಹಾಕುತ್ತದೆ ಅಂದರು. ಅದನ್ನು ಹೊಸದೇ ಕೊಂಡೆ; ಡಿಸ್ಕು, ಕೀಬೋರ್ಡೂ ಸೇರಿ ಹದಿನೆಂಟು ಸಾವಿರವಾಯಿತು. ಚಹಾ ತರಿಸಿದರು. ಹುಡುಗ ಯಾವ ಕ್ಲಾಸು ಎಂದೂ ಕೇಳಿದರು. ಎಂಟನೆಯದು ಅಂದೆ. ಒಂದು ಸುಳ್ಳಿಗೆ ಇನ್ನೊಂದು ಹುಟ್ಟಲು ಎಷ್ಟು ಹೊತ್ತು ಬೇಕು? ಬಾದಾಮಿಯ ಬಸ್ಸು ಕೆರೂರ ದಾಟುವತನಕ ರೊಟ್ಟಿ ತಿನ್ನುತ್ತ, ಎಂಟನೆಯ ಕ್ಲಾಸಿನ ಹುಡುಗ ನನ್ನ ಹೆಗಲಿಗೆ ಬರುತ್ತಿದ್ದನೋ, ಕಿವಿಗೆ ಬರುತ್ತಿದ್ದನೋ ಎಂದು ಯೋಚಿಸಿದೆ.

ಬಾದಾಮಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಬಿಸಿಲಿಗೆ ಮಂಗಗಳೂ ಗೋಡೆಯ ನೆರಳು ಹಿಡಿದಿದ್ದವು. ಮೊಬೈಲಿನ ಜಾಹೀರಾತಿನಲ್ಲಿ ಸಿಕ್ಕ ಮಂಜುನಾಥ ಗುಹೆ ತೋರಿಸುವ ಗೈಡು; ಹೊಸ ಕಾರ್ಡು ಕೊಂಡಿದ್ದರಿಂದ ಹಳೆಯದನ್ನು ಏಳು ಸಾವಿರಕ್ಕೆ ಕೊಡಲು ಒಪ್ಪಿದ್ದ. ಮನೆಯ ಕಟ್ಟೆಯ ಮೇಲೆ ಅದನ್ನು ಹಾಳೆಯಲ್ಲಿ ಸುತ್ತಿ ಕೈಗಿತ್ತವನೇ, ಗಿರಾಕಿಗಳು ಬಂದಿದ್ದಾರೆಂದು ಓಡಿದ. ಅವನ ತಾಯಿ ನೀಲವ್ವ ನನ್ನನ್ನು ಬಿಡಲಿಲ್ಲ. ಅವರೂ ಮಗನಿಗೆಂದೇ ತಿಳಿದು, ಹೆಸರೇನು ಎಂದರು. ಶರಣ ಅಂದೆ.

ಆ ಹೆಸರು ಸುಳ್ಳಲ್ಲ. ಮದುವೆಯಾದ ವರ್ಷವೇ, ಹುಟ್ಟಲಿರುವ ಮಗನಿಗೆಂದು ನಾವಿಬ್ಬರೂ ಇಟ್ಟುಕೊಂಡ ಹೆಸರದು. ನಮ್ಮ ಮನೆಯ ನಾಲ್ಕು ಗೋಡೆಯ ಹೊರಗೆ ಅದನ್ನು ನಾನು ಅಂದದ್ದು ಅದೇ ಮೊದಲು.

ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಕಡೆ ಇಲ್ಲ. ನೀಲವ್ವ ಕುಂಕುಮ ಹಚ್ಚಿ, ಸೆರಗು ಒಡ್ಡಲು ಹೇಳಿದರು. ಮಗುವಾಗಲಿ ಎಂದು ಎಷ್ಟು ಮಂದಿ ನನ್ನ ಉಡಿ ತುಂಬಿದ್ದರೋ ಲೆಕ್ಕವಿಲ್ಲ. ಬೇಡವೆನ್ನಬೇಕೆನಿಸಿತು, ಆದರೂ ಒಡ್ಡಿದೆ. ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಎಲೆ ಅಡಿಕೆ, ಒಂದು ರವಿಕೆಯ ಖಣ ಹಾಕಿದರು. ಆಮೇಲೆ ಕಟ್ಟೆಯ ಮೇಲಿದ್ದ ಕಾರ್ಡನ್ನೂ ಎತ್ತಿ ಅಕ್ಕಿಯ ಮೇಲಿಟ್ಟರು.

"ಮಗನ ಸಾಮಾನ ಐತಿ, ಇದೂ ಉಡ್ಯಾಗ ಇರ್ಲಿ. ದಾರ‍್ಯಾಗ ಬಿಚ್ಚಬ್ಯಾಡ್ರಿ ಮತ್ತ."

ಒಂದು ಡಬ್ಬಿಯಲ್ಲಿ ಎರಡು ಶೇಂಗಾ ಉಂಡಿ ಹಾಕಿ, ಇವು ಶರಣನಿಗೆ ಎಂದು ಬೇರೆಯಾಗಿ ಕೊಟ್ಟರು.

ಪಟ್ಟದಕಲ್ಲು, ಅಮೀನಗಡದ ಮೇಲೆ ಹೋಗುವ ಇಳಕಲ್ ಬಸ್ಸು ಸಿಕ್ಕಿತು. ತುಂಬಿದ ಉಡಿಯನ್ನು ಮನೆಯ ದೇವರ ಮುಂದಲ್ಲದೆ ಬಿಚ್ಚಬಾರದು. ಗಂಟನ್ನು ಎರಡೂ ಕೈಯಿಂದ ಹೊಟ್ಟೆಗೆ ಅವುಚಿಕೊಂಡು ಕುಳಿತೆ. ಪಕ್ಕದ ಅಜ್ಜಿ ನನ್ನನ್ನೊಮ್ಮೆ, ಗಂಟನ್ನೊಮ್ಮೆ ನೋಡಿ ಸರಿದು ಜಾಗ ಕೊಟ್ಟಳು. ನನಗೆ ಆ ಭಾರ ಹಿತವಾಗಿತ್ತು, ಅದಕ್ಕೇ ಅಳುವೂ ಬಂತು. ಹುನಗುಂದದಲ್ಲಿ ಯಜಮಾನರು ಡಬ್ಬಿ, ಮಾನಿಟರು ಹತ್ತಿಸಿದರು. ನನಗೆ ಸೊನ್ನೆ ರೂಪಾಯಿಯ ಚೀಟಿ ಕೊಟ್ಟಿದ್ದ ಕಂಡಕ್ಟರು ಲಗೇಜಿಗೆ ದುಡ್ಡು ತೆಗೆದುಕೊಂಡ. ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿ, ದೇವರ ಮುಂದೆ ಉಡಿ ಬಿಚ್ಚಿದೆ.

ಭಾನುವಾರ ಬೆಳಿಗ್ಗೆ ಊಟದ ಮಣೆಯ ಮೇಲೆ ಎಲ್ಲ ಹರವಿಕೊಂಡು ಕುಳಿತೆವು. ನಾನು ಮೊಬೈಲಿನಲ್ಲಿ ವಿಡಿಯೊ ನೋಡಿ ಹೇಳುವುದು, ಅವರು ತಿರುಪು ಬಿಗಿಯುವುದು. ಬಟನ್ ಒತ್ತಿದೆ. ಬೆಳಕು ಬಂತು, ಕೂಡಲೇ ಕಾರ್ಡಿನ ಫ್ಯಾನು ಕರಕರ ಎಂದು ಅರಚಿ ನಿಂತುಬಿಟ್ಟಿತು. ಇನ್ನೊಂದು ಕಾರ್ಡಿಗೆ ಹಣ ಎಲ್ಲಿತ್ತು? ತಂತಿ ಕಿತ್ತು ಮಂಜುನಾಥನಿಗೆ ಫೋನು ಹಚ್ಚಿದೆ. ಫ್ಯಾನಿನ ಸಂದಿ ನೋಡಿರಿ ಅಂದ. ನೋಡಿದೆ. ನೀಲವ್ವನ ಅಕ್ಕಿ, ಮೂರು ಕಾಳು. ಸೂಜಿಯಿಂದ ಒಂದೊಂದಾಗಿ ತೆಗೆದೆ. ಅವನು ಆ ಕಡೆ ಬಿದ್ದುಬಿದ್ದು ನಗುತ್ತಿದ್ದ. ಅಷ್ಟರಲ್ಲಿ ನೀಲವ್ವ ಫೋನು ಕಸಿದುಕೊಂಡರು.

"ಶರಣಗ ಕೊಡ್ರಿ ಫೋನ, ಉಂಡಿ ಹೆಂಗಿದ್ವು ಕೇಳ್ತೇನಿ."

ಆಟಕ್ಕೆ ಹೋಗಿದ್ದಾನೆ ಎನ್ನಬಹುದಿತ್ತು. ನಮ್ಮವರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಹೆಸರು ಅವರಿಗೂ ಕೇಳಿಸಿತ್ತು.

"ಶರಣ ಹುಟ್ಟೇ ಇಲ್ರಿ ಯವ್ವಾ. ನಮಗ ಮಕ್ಕಳಿಲ್ಲ. ಕಂಪ್ಯೂಟರ್ ನನಗರಿ, ನಾನ ಆಡಾಕ ತಂದೇನಿ."

ಆ ಕಡೆ ನೀಲವ್ವ, ನಗುತ್ತಿದ್ದ ಮಗನನ್ನು ಗದರಿದ್ದು ಕೇಳಿಸಿತು.

"ಹಡದಾಕಿಗಷ್ಟ ತುಂಬೂದಲ್ಲ ಯವ್ವಾ ಉಡಿ," ಎಂದರು ನೀಲವ್ವ. ನಿನ್ನೆಯಿಂದ 'ರೀ' ಹಚ್ಚಿ ಮಾತಾಡಿದವರು ಈಗ ಏಕವಚನಕ್ಕೆ ಇಳಿದಿದ್ದರು. "ನಿನ್ನ ಉಡ್ಯಾಗ ಹಾಕೇನಿ, ನಿಂದ. ಉಂಡಿ ತಿಂದು ಆಡು, ಮಗಳ."

ಫೋನು ಕೆಳಗಿಟ್ಟು ಕಣ್ಣೊರೆಸಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಆಟ ಶುರುವಾಯಿತು. ಆಡುವವರ ಹೆಸರು ಕೇಳಿತು, ಗಿರಿಜಾ ಎಂದು ಒತ್ತಿದೆ. ಎಡಕ್ಕೆ ಸಮುದ್ರ ಬಂತು, ಅಂದು ಬಿಟ್ಟೆದ್ದ ತಿರುವಿನಂಥದ್ದೇ ಒಂದು ತಿರುವೂ ಬಂತು. ಐದು ನಿಮಿಷ ಆಯಿತೆಂದು ಯಾರೂ ಎಬ್ಬಿಸಲಿಲ್ಲ. ನಮ್ಮವರು ಹಿಂದೆ ನಿಂತು, ನಿಧಾನ ಹೊಡಿ ಎನ್ನುತ್ತಿದ್ದರು.

ಸಂಜೆ ಉಂಡಿಯ ಡಬ್ಬಿ ತೆಗೆದು ಒಂದನ್ನು ಇಬ್ಬರೂ ಮುರಿದುಕೊಂಡು ತಿಂದೆವು. ಇನ್ನೊಂದನ್ನು ಡಬ್ಬಿಯಲ್ಲೇ ಇಟ್ಟು ಮುಚ್ಚಿದೆ. ನಮ್ಮವರು ಅದನ್ನು ಎತ್ತಿ ದೇವರ ಪಕ್ಕದಲ್ಲಿಟ್ಟರು.