ಅತ್ತಿಗೆ ಬಿಡಿಸಿದ ಬೀಡಿ

ಅತ್ತಿಗೆಯ ಎಡಭುಜ ಬಲಭುಜಕ್ಕಿಂತ ತುಸು ತಗ್ಗಾಗಿತ್ತು. ಬೀಡಿ ಸೇದಿ ಶ್ವಾಸಕೋಶ ಕೆಡಿಸಿಕೊಂಡ ನಮ್ಮಣ್ಣನಿಗೆ ಕೊನೆಕೊನೆಗೆ ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಆ ಭುಜಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಅವನು ಹೋದ ಮೇಲೂ ಅತ್ತಿಗೆ ಹಾಗೇ ವಾಲಿಕೊಂಡು ಕೂರುತ್ತಿದ್ದರು.

ಆದೋನಿಯ ಆಸ್ಪತ್ರೆಯಲ್ಲಿ ಬೀಡಿ ಬಿಡಲು ಸಲಹೆ ಕೊಡುವ ಮೇಡಂ ಒಬ್ಬರಿದ್ದರು. ಅವರು ಅಣ್ಣನಿಗೆ ಹೇಳಿದ್ದನ್ನೆಲ್ಲ ಅತ್ತಿಗೆ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದರು. ಅಣ್ಣನಿಗೆ ಅದು ತಡವಾಗಿತ್ತು. ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ, ಹಿತ್ತಲಲ್ಲಿ ಬೀಡಿ ಹಚ್ಚಿದ್ದ ನನ್ನೆದುರು ಬಂದು ಕೂತರು. ಬೈಯಲಿಲ್ಲ.

“ಕೈ ತಾನಾಗೇ ಕಿಸೆಕ್ಕ ಯಾವಾಗ ಹೋಗ್ತೈತಿ, ತಮ್ಮಾ?”

“ಉಂಡ ಮ್ಯಾಲೆ. ಚಾ ಕುಡಿದ ಮ್ಯಾಲೆ. ಅಂಗಡ್ಯಾಗ ಸುಮ್ನ ಕುಂತಾಗ.”

ಅಂದಿನಿಂದ ಊಟವಾದ ಕೂಡಲೇ ನನ್ನ ಮುಂದೆ ಶೇಂಗಾ ಬುಟ್ಟಿ ಇಡುತ್ತಿದ್ದರು, ಸುಲಿಯುತ್ತ ಕೂರಬೇಕು. ಚಹಾದ ಬದಲು ಮಜ್ಜಿಗೆ. ನನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತಾಗ ಬೀಡಿ ಬೇಕೆನಿಸಿದರೆ ಅವರಿಗೆ ಫೋನ್ ಮಾಡಬೇಕು. “ಅದು ಬರ್ತೈತಿ, ಸ್ವಲ್ಪ ಹೊತ್ತು ಕಾಡ್ತೈತಿ, ಹೋಗ್ತೈತಿ. ಅಲ್ಲೀತನ ನನ್ನ ಕೂಡ ಮಾತಾಡು,” ಎನ್ನುತ್ತಿದ್ದರು. ಎಮ್ಮೆ ಒದ್ದದ್ದು, ಆಸ್ಪರಿಯ ತವರಿನಲ್ಲಿ ಹತ್ತಿ ಬಿಡಿಸಲು ಆಳು ಸಿಗದೆ ಹೋದದ್ದು, ಏನೋ ಒಂದು ಹೇಳುತ್ತಿದ್ದರು. ಫೋನ್ ಇಡುವಷ್ಟರಲ್ಲಿ ಬೀಡಿಯ ಆಸೆ ಇಳಿದಿರುತ್ತಿತ್ತು.

ಪತ್ತಿಕೊಂಡದ ಒಂದು ಮದುವೆಯಲ್ಲಿ ಮತ್ತೆ ಸೇದಿಬಿಟ್ಟೆ. ಮನೆಯೊಳಗೆ ಕಾಲಿಟ್ಟಾಗಲೇ ಅತ್ತಿಗೆಗೆ ವಾಸನೆ ಬಡಿಯಿತು.

“ಯಾರ ಕೂಡ ಕುಂತಿದ್ದಿ? ಏನ್ ಮಾತು ಬಂತು?”

“ಅಣ್ಣನ ಗೆಳೆಯರ ಕೂಡ. ಅಣ್ಣನ ಮಾತೇ ಬಂತು.”

ಶೇಂಗಾ ಬುಟ್ಟಿ ತಂದು ನನ್ನ ಮುಂದಿಟ್ಟರು. “ಅವ್ರ ನೆನಪಾದ್ರ ನನಗ ಹೇಳು. ನನಗೂ ಆಗ್ತೈತಿ,” ಅಂದರು.

ನಾನು ಸೇದಿದ ಕೊನೆಯ ಬೀಡಿ ಅದೇ.

ಕೆಲವು ವರ್ಷಗಳಾದ ಮೇಲೆ ಅವರಿಗೇ ಕೆಮ್ಮು ಹತ್ತಿತು. ಒಂದು ದಿನವೂ ಬೀಡಿ ಮುಟ್ಟಿದವರಲ್ಲ. ಮದುವೆಯಾಗಿ ಬಂದಂದಿನಿಂದ ಅಣ್ಣನ ಹೊಗೆ ಕುಡಿದಿದ್ದರು. ಆಮೇಲೆ ನನ್ನದೂ ಸೇರಿತ್ತು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ನೋಡುತ್ತ ಕೇಳಿದರು, “ಮನ್ಯಾಗ ಯಾರಾದ್ರೂ ಬೀಡಿ, ಸಿಗರೇಟು ಸೇದ್ತಾರೇನಮ್ಮ?”

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ನನ್ನ ಕೈ ಹಿಡಿದರು. ಕೆಮ್ಮಿ ಕೆಮ್ಮಿ ಅವರ ದನಿ ಸರಿಯಾಗಿ ಹೊರಡುತ್ತಿರಲಿಲ್ಲ.

“ಇಲ್ರಿ. ನಮ್ಮ ಮನ್ಯಾಗ ಈಗ ಯಾರೂ ಸೇದಂಗಿಲ್ಲ.”

ಅದನ್ನವರು ಹೆಮ್ಮೆಯಿಂದ ಹೇಳಿದರು. ಆ ಬೇಸಿಗೆ ಮುಗಿಯುವುದರೊಳಗೆ ಹೋಗಿಬಿಟ್ಟರು.