ರೋಜಿ ಬಾಯಿಯ ಪಿಯಾನೋದೊಳಗಿನ ಬಲ್ಬು

ನಿನ್ನೆ ಮತ್ತೆ ಅದೇ ಕನಸು. ರೋಜಿ ಬಾಯಿಯ ಪಿಯಾನೋ ಮಳೆಯಲ್ಲಿ ನೆನೆಯುತ್ತಿದೆ, ನಾನು ಬಲ್ಬಿನ ಸ್ವಿಚ್ಚು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಬೆಳಿಗ್ಗೆ ಕಪಾಟು ತೆರೆದರೆ ತೇವ ಹಿಡಿದ ಮರದ ಅದೇ ಮುಗ್ಗಲು ವಾಸನೆ.

ರೋಜಿ ಬಾಯಿ ಮುಂಬಯಿ ಹತ್ತಿರದ ಡೊಂಬಿವಲಿಯ ಚಾಳಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು, ಮಂಗಳೂರು ಕಡೆಯವರು. ಹರೆಯದಲ್ಲಿ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಜಾಝ್ ಬ್ಯಾಂಡಿನೊಂದಿಗೆ ಹಾಡಿದವರು, ಪಿಯಾನೋ ನುಡಿಸಿದವರು, ತಾವೇ ಹಾಡು ಕಟ್ಟಿದವರು. ಬ್ಯಾಂಡುಗಳು ನಿಂತ ಮೇಲೆ ಪಿಯಾನೋ ಸಮೇತ ಇಲ್ಲಿಗೆ ಬಂದಿದ್ದರು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಪುಟ್ಟ ತಂಗಿಯನ್ನು ಎತ್ತಿಕೊಂಡು ಅವರ ಬಾಗಿಲಲ್ಲೇ ಕೂರುತ್ತಿದ್ದೆ. ಮಳೆಗಾಲದಲ್ಲಿ ತೇವಕ್ಕೆ ಸ್ವರ ಕೆಡದಿರಲೆಂದು ಪಿಯಾನೋದ ಕೆಳಗಿನ ಹಲಗೆ ತೆಗೆದು, ಒಳಗೆ ಕಾವಿಗೆಂದು ಸಣ್ಣ ಬಲ್ಬು ಹಚ್ಚಿಡುವುದು ನನ್ನ ಕೆಲಸ.

“ಇದಕ್ಕೂ ಥಂಡಿ ಆಗ್ತದೆ ಮಗಾ. ನನ್ನ ಗಂಟಲು ಹೇಗೂ ಹೋಯ್ತು, ಇದರದ್ದಾದ್ರೂ ಉಳೀಲಿ,” ಎನ್ನುತ್ತಿದ್ದರು. ಆಮೇಲೆ ತಮ್ಮದೇ ಹಾಡೊಂದನ್ನು ನುಡಿಸುತ್ತ ಗುನುಗುವರು. ಆ ಇಂಗ್ಲಿಷ್ ನನಗೆ ತಿಳಿಯುತ್ತಿರಲಿಲ್ಲ. ತಂಗಿ ಮಾತ್ರ ನಿದ್ದೆ ಹೋಗುತ್ತಿದ್ದಳು.

ಕಣ್ಣು ಮಂಜಾದಾಗ ಅವರು ಊರಿಗೆ, ಅಕ್ಕನ ಮನೆಗೆ ಹೊರಟರು. ಪಿಯಾನೋವನ್ನು ಪಕ್ಕದೂರು ಕಲ್ಯಾಣದ ಯಾರೋ ಕೊಂಡರು. “ಬಲ್ಬಿನ ವಿಷಯ ಅವರಿಗೆ ಹೇಳು, ಮರೀಬೇಡ ಮಾರಾಯ್ತಿ,” ಎಂದಿದ್ದರು. ಟೆಂಪೋ ಬಂದಾಗ ನಾನು ಅಳು ತಡೆಯಲಾಗದೆ ಒಳಗೆ ಓಡಿದೆ. ಹೇಳಲೇ ಇಲ್ಲ.

ಆ ಹಾಡು ಈಗ ನನಗೆ ಅರ್ಧವೇ ನೆನಪಿದೆ. ಮೊನ್ನೆಯಿಂದ ಬಿಡದೆ ಮಳೆ. ಕಲ್ಯಾಣದ ಕಡೆ ಯಾರ ಮನೆಯಲ್ಲಾದರೂ ಹಳೆಯ ಕಪ್ಪು ಪಿಯಾನೋ ಇದ್ದರೆ, ದಯವಿಟ್ಟು ಕೆಳಗಿನ ಹಲಗೆ ತೆಗೆದು ಒಮ್ಮೆ ನೋಡಿ, ಒಳಗೆ ಬಲ್ಬು ಉರಿಯುತ್ತಿದೆಯಾ?