ಅತ್ತೆಯ ಅವರೆ ಬೀಜ, ಬಿಟ್ಟಿ ಸಾಫ್ಟ್‌ವೇರು

ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನೋ ಪೈಕಿ ನಾನಲ್ಲ. ಬಿಟ್ಟಿ ಕೊಡುತ್ತೇನೆ ಅಂದವರನ್ನು ಕಂಡರೆ ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ಕೈ ನೋಡುತ್ತೇನೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಟೀಚರ್ ಬುದ್ಧಿ ಇದು. ಅಂಥವಳ ಮಾನ ಉಳಿಸಿದ್ದು ಎರಡು ಬಿಟ್ಟಿ ವಸ್ತು, ಅವನ್ನು ಕೊಟ್ಟವರಲ್ಲಿ ಯಾರೂ ಅಲ್ಲಿಯವರೆಗೆ ನನ್ನ ಮುಖ ಕೂಡ ನೋಡಿದವರಲ್ಲ.

ನಮ್ಮದು ದೇವರಾಯಸಮುದ್ರದ ಹತ್ತಿರದ ಹಳ್ಳಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನನ್ನ ಗಂಡ ಕೋಲಾರದಿಂದ ಒಂದು ಹಳೇ ಕಂಪ್ಯೂಟರ್ ತಂದರು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಹಳೇ ಸೀರೆ ಹೊದಿಸಿದರು. ತಂದಿದ್ದಕ್ಕೆ ಏನಾದರೂ ಕೆಲಸ ಕೊಡಬೇಕಲ್ಲ ಅಂತ ನನಗೆ ಹೊಳೆದಿದ್ದು ಅತ್ತೆಯ ಬೀಜದ ಕೋಣೆ.

ಹಿತ್ತಿಲ ಕಡೆಯ ಆ ಕತ್ತಲೆ ಕೋಣೆಯಲ್ಲಿ ಮಡಕೆ, ಒಣಗಿಸಿದ ಸೋರೆ ಬುರುಡೆ, ಹಳೇ ತಗಡಿನ ಡಬ್ಬ. ಒಳಗೆ ಬೂದಿ ಬೆರೆಸಿದ ಬೀಜ, ಬಾಯಿಗೆ ಸಗಣಿ ಮಣ್ಣು ಮೆತ್ತಿದ ಮುಚ್ಚಳ. ಒಂದಕ್ಕೂ ಚೀಟಿ ಇಲ್ಲ. ಇದು ಮಾಲೂರಿನ ಮಗಳು ತಂದ ಅಲಸಂದೆ, ಅದು ಕುರುಡುಮಲೆ ಪೂಜಾರ್ರ ಮನೆ ಸೋರೆ ಅಂತ ಎಲ್ಲಾ ಅತ್ತೆಯ ತಲೆಯಲ್ಲೇ ಇತ್ತು. ಮೂಲೆಯ ಸಣ್ಣ ಮಡಕೆಯಲ್ಲಿದ್ದಿದ್ದು ಅವರ ತವರಿನ ಚುಕ್ಕೆ ಚುಕ್ಕೆಯ ಅವರೆ. ಶ್ರೀನಿವಾಸಪುರದ ಆಚೆಯ ಊರು ಅವರದು. ಮದುವೆಯಾಗಿ ಬರುವಾಗ ಅವರಮ್ಮ ಮಡಿಲಕ್ಕಿಯ ಜೊತೆ ಒಂದು ಹಿಡಿ ಕಟ್ಟಿ ಕಳಿಸಿದ್ದಂತೆ. ಈಗ ಆ ತವರಲ್ಲಿ ಮನೆಯೂ ಇಲ್ಲ, ಮನುಷ್ಯರೂ ಇಲ್ಲ.

ಪಟ್ಟಿ ಮಾಡೋಕೆ ಒಂದು ಡೇಟಾಬೇಸ್ ಬೇಕಿತ್ತು. ಮುಳಬಾಗಿಲು ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟಿದ್ದವರು ನನ್ನ ಗಂಡನ ಜೊತೆ ಓದಿದವರು. "ದುಡ್ಡಿನ ಸಾಫ್ಟ್‌ವೇರನ್ನೇ ಕಾಪಿ ಹಾಕ್ಕೊಡ್ತೀನಿ ಬಿಡಿ ಟೀಚರಮ್ಮ, ಎಲ್ಲರೂ ಅದನ್ನೇ ಮಾಡೋದು," ಅಂದರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಮಕ್ಕಳ ಕಿವಿ ಹಿಂಡೋಳು ನಾನು, ನನಗೇ ಕಾಪಿಯಾ! ಬೇಡವೇ ಬೇಡ ಅಂದೆ. ಪತ್ರಿಕೆ ಜೊತೆ ಬಂದ ಸಿಡಿಯಲ್ಲಿ ಇನ್ನೊಂದು ಇತ್ತು. ಚೆನ್ನಾಗಿಯೇ ಇತ್ತು, ಬಿಟ್ಟಿಯ ಒಂದು ತಿಂಗಳು ಮುಗಿದ ಮಾರನೇ ದಿನ ಬಾಗಿಲು ಹಾಕಿಕೊಂಡಿತು. ನಾನು ತುಂಬಿಸಿದ್ದೆಲ್ಲಾ ಒಳಗೆ, ನಾನು ಹೊರಗೆ. ಅವತ್ತು ನಾನು ಬೈದ ಬೈಗುಳ ಕೇಳಿ ಅತ್ತೆ, "ಯಾರನ್ನೇ ಹಂಗೆ ಬಯ್ತಿದೀಯ?" ಅಂತ ಹಿತ್ತಿಲಿಂದ ಓಡಿ ಬಂದರು.

ಕೊನೆಗೆ ಉಳಿದಿದ್ದು ಇಂಟರ್‌ನೆಟ್ಟಿನಲ್ಲಿ ಧರ್ಮಕ್ಕೆ ಸಿಗುತ್ತಿದ್ದ ಒಂದು. ಯಾವ್ಯಾವುದೋ ದೇಶದವರು ಸೇರಿ ಬರೆದು, ಯಾರು ಬೇಕಾದರೂ ಬಳಸಿ ಅಂತ ಇಟ್ಟಿದ್ದಂತೆ. ಸೆಂಟರ್‌ನವರು ಮೂಗು ಮುರಿದರು. "ಬಿಟ್ಟಿದು ಒಂದಿನ ಕೈ ಕೊಡುತ್ತೆ ನೋಡ್ತಿರಿ," ಅಂದರು. ಆದರೂ ಫೋನ್ ಲೈನಿನಲ್ಲಿ ಬೆಳಗ್ಗೆಯಿಂದ ಸಾಯಂಕಾಲದವರೆಗೆ ಇಳಿಸಿ, ಎರಡು ಸಲ ಕಟ್ಟಾದರೂ ಮತ್ತೆ ಹಚ್ಚಿ, ಸಿಡಿಗೆ ಹಾಕಿ ಕೊಟ್ಟರು. ಅವರನ್ನೂ ಇವತ್ತು ನೆನೆಯಬೇಕು.

ಅದು ಅಂಗಡಿಯ ರೆಡಿಮೇಡ್ ಅಂಗಿ ಅಲ್ಲ, ಬಟ್ಟೆ ಕೊಟ್ಟು ನೀನೇ ಹೊಲ್ಕೋ ಅನ್ನೋ ಥರದ್ದು. ಕನ್ನಡ ಟೈಪ್ ಮಾಡಿದರೆ ಬರೀ ಚೌಕ ಕಾಣುತ್ತಿತ್ತು, ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ. ಒಂದು ವಾರ ತಲೆ ಕೆಟ್ಟು ಗೊಬ್ಬರ ಆದ ಮೇಲೆ ಒಂದು ಪಟ್ಟಿ ನಿಂತಿತು. ಅತ್ತೆ ಬಂದು ಪಕ್ಕದಲ್ಲಿ ಕೂತರು.

"ಏನೇನು ಬರ್ಕೋತೀಯ?"

"ಬೀಜದ ಹೆಸರು, ಬಣ್ಣ, ಎಷ್ಟು ಸೇರು, ಯಾವಾಗ ಬಿತ್ತೋದು."

"ಯಾರ್ಯಾರಿಗೆ ಕೊಟ್ಟಿದೀವಿ ಅನ್ನೋದು?"

"ಕೊಟ್ಟಿದ್ದು ಹೋಯ್ತಲ್ಲ ಅತ್ತೆ, ಅದ್ಯಾಕೆ?"

"ಅಯ್ಯೋ ನಾ ತಲ್ಲಿ! ಅದಿಲ್ಲ ಅಂದ್ರೆ ನಿನ್ನ ಪಟ್ಟಿ ತಗೊಂಡೋಗಿ ಒಲೆಗೆ ಹಾಕು," ಅಂತ ತವರಿನ ತೆಲುಗು ಬೆರೆಸಿ ಅಂದರು.

ಬೀಜ ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು, ಅದಕ್ಕೆ ದುಡ್ಡು ಮುಟ್ಟಬಾರದು, ತಗೊಂಡು ಹೋದವರು ತಮ್ಮ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು. ಅತ್ತೆಯ ಕಟ್ಟಳೆ ಇದು. ಹಾಗಾಗಿ ಒಂದು ಬೀಜಕ್ಕೆ ಹತ್ತು ಮನೆ, ಒಂದು ಮನೆಗೆ ಐದು ಬೀಜ. ನಾನು ಬೀಜಕ್ಕೊಂದು ಪಟ್ಟಿ, ಮನೆಗಳಿಗೊಂದು ಪಟ್ಟಿ, ಎರಡನ್ನೂ ಕಟ್ಟೋಕೆ ಮೂರನೇದೊಂದು ಮಾಡಿದೆ. ಮನೆಯವರ ಹೆಸರು ಬರೆಯದೆ ಮುಂದೆ ಹೋಗೋ ಹಾಗಿಲ್ಲ ಅಂತ ಅದಕ್ಕೆ ತಾಕೀತೂ ಮಾಡಿದ್ದೆ. ತವರಿನ ಅವರೆಯ ಸರದಿ ಬಂದಾಗ ಅತ್ತೆ ಆರು ಮನೆ ಹೇಳಿದರು. ಏಳನೆಯದು, "ಹೋಳೂರಿನೋಳು, ರೇಷ್ಮೆ ಮನೆ. ಹಲಸಿನ ಹಣ್ಣು ತಂದಿದ್ಲು. ಎಡಚಿ. ಗಲ್ಲದ ಮೇಲೆ ಮೂರು ಚುಕ್ಕಿ ಹಚ್ಚೆ."

"ಹೆಸರು?"

"ಹೆಸರು ಕೇಳೋಕೆ ನಾನೇನು ಪೊಲೀಸಾ?"

ಹೆಸರಿಲ್ಲದೆ ಕಂಪ್ಯೂಟರ್ ಬಿಡಲ್ಲ, ಎಡಚಿಯನ್ನು ಬರೆಯದೆ ಅತ್ತೆ ಬಿಡಲ್ಲ. ನಾನು ಗೊಣಗಿಕೊಂಡೇ ಆ ತಾಕೀತು ತೆಗೆದು, ಹೆಸರಿನ ಜಾಗ ಖಾಲಿ ಬಿಟ್ಟು, ಹಚ್ಚೆ ಹಲಸಿನ ಹಣ್ಣು ಸಮೇತ ಎಲ್ಲಾ ಬರೆದೆ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ಬೇಸಿಗೆ ರಜದಲ್ಲಿ ನಾನು ಅದನ್ನೇ ಮಾಡಿದೆ. ಅತ್ತೆ ಮಗಳ ಬಾಣಂತನಕ್ಕೆ ಅಂತ ಮಾಲೂರಿಗೆ ಹೋಗಿದ್ದರು. ಕಂಪ್ಯೂಟರಿನಲ್ಲಿ ನಂಬರ್ ಇದೆ, ಕೋಣೆಯಲ್ಲೂ ನಂಬರ್ ಇರಲಿ ಅಂತ ಹೊಸ ಪ್ಲಾಸ್ಟಿಕ್ ಡಬ್ಬಗಳನ್ನು ತಂದೆ. ಅವರೆಯಿಂದಲೇ ಶುರು ಮಾಡಿದೆ. ಮೆತ್ತಿದ ಮಣ್ಣು ಒಡೆದೆ, ಬೀಜವನ್ನು ಜರಡಿ ಹಿಡಿದು ಬೂದಿಯೆಲ್ಲಾ ಹೊರಗೆ ಚೆಲ್ಲಿದೆ, ತೂಕ ಹಾಕಿದೆ, ಡಬ್ಬಕ್ಕೆ ತುಂಬಿ ಚೀಟಿ ಅಂಟಿಸಿದೆ. ಎಷ್ಟು ಲಕ್ಷಣವಾಗಿ ಕಾಣುತ್ತಿತ್ತು ಗೊತ್ತಾ! ಅಷ್ಟರಲ್ಲಿ ಜ್ವರ ಬಂದು ಮಲಗಿದೆ, ಆಮೇಲೆ ಸ್ಕೂಲು ಶುರುವಾಯಿತು, ಮಿಕ್ಕ ಮಡಕೆಗಳು ಬಚಾವಾದವು.

ಆಷಾಢದಲ್ಲಿ ಮಳೆ ಬಿತ್ತು. ರಾಗಿ ಹೊಲದ ನಡುನಡುವೆ ಬಿಡೋ ಅಕ್ಕಡಿ ಸಾಲಿಗೆ ಅವರೆ ಬಿತ್ತಬೇಕು. ಅತ್ತೆ ಡಬ್ಬದ ಮುಚ್ಚಳ ತೆಗೆದರು. ಒಳಗೆ ಹಿಟ್ಟು, ಹಿಟ್ಟಿನಲ್ಲಿ ಹರಿದಾಡೋ ಹುಳ. ಒಂದೊಂದು ಕಾಳಿಗೂ ಎರಡೆರಡು ತೂತು.

"ಬೂದಿ ಎಲ್ಲೇ?" ಅಂದರು.

"ಜರಡಿ ಹಿಡಿದೆ ಅತ್ತೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. "ನಮ್ಮಮ್ಮನ ಕೈದು ಅಂತ ಅದೊಂದೇ ಇತ್ತು," ಅಂದು ಡಬ್ಬ ಕೆಳಗಿಟ್ಟು, ಹೋಗಿ ದನದ ಕೊಟ್ಟಿಗೆಯಲ್ಲಿ ಕೂತರು. ಮಧ್ಯಾಹ್ನ ಮುದ್ದೆ ಮುಟ್ಟಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಹದ ಇದ್ದಿದ್ದು ಹೆಚ್ಚೆಂದರೆ ಒಂದು ವಾರ. ಅದು ತಪ್ಪಿದರೆ ಆ ವರ್ಷ ಆ ಅವರೆ ಇಲ್ಲ, ಬೀಜವೇ ಇಲ್ಲದ ಮೇಲೆ ಇನ್ನು ಯಾವ ವರ್ಷವೂ ಇಲ್ಲ.

ಸೀರೆ ಸರಿಸಿ ಕಂಪ್ಯೂಟರ್ ಹಚ್ಚಿದೆ. ಈ ಅವರೆ ಯಾವ್ಯಾವ ಮನೆಗೆ ಹೋಗಿದೆ ಅಂತ ಕೇಳಿದೆ. ಏಳು ಸಾಲು ಬಂದವು. ಒಂದು ಹಾಳೆಗೆ ಬರೆದುಕೊಂಡು, ಸ್ಕೂಲಿಗೆ ರಜ ಹಾಕಿ ಬಸ್ ಹತ್ತಿದೆ. ಮುಳಬಾಗಿಲಿನ ಇಬ್ಬರು ಬೇಯಿಸಿ ತಿಂದು ಮುಗಿಸಿದ್ದರು. ಕುರುಡುಮಲೆಯವರು, "ಈಗೆಲ್ಲಾ ಪ್ಯಾಕೆಟ್ ಬೀಜ ಕಣಮ್ಮ," ಅಂದರು. ಶ್ರೀನಿವಾಸಪುರದ ಕಡೆ ಒಬ್ಬರು ಊರು ಬಿಟ್ಟಿದ್ದರು, ಇನ್ನಿಬ್ಬರ ಹತ್ತಿರ ಮೊಳಕೆ ಬಾರದ ಹಳೇ ಕಾಳು. ಮೂರು ದಿನ ಹೋಯಿತು. ಉಳಿದಿದ್ದು ಹೆಸರಿಲ್ಲದವಳು.

ಹೋಳೂರಿನಲ್ಲಿ ಇಳಿದು ರೇಷ್ಮೆ ಸಾಕೋರ ಮನೆ ಅಂತ ಕೇಳಿದರೆ ಜನ ನಕ್ಕರು. ಅಲ್ಲಿ ರೇಷ್ಮೆ ಸಾಕದ ಮನೆ ಯಾವುದಿತ್ತು? ಎಡಚಿ, ಗಲ್ಲದ ಮೇಲೆ ಹಚ್ಚೆ ಅಂದ ತಕ್ಷಣ ಒಬ್ಬಾಕೆ ಸೀದಾ ಕರೆದುಕೊಂಡು ಹೋಗಿ ನಿಲ್ಲಿಸಿದರು. ವಯಸ್ಸಾದ ಹೆಂಗಸು, ಎಡಗೈಯಲ್ಲಿ ಹುಳದ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ಯಾರ ಮನೆಯಿಂದ ಬಂದೆ ಅಂತ ಹೇಳಿದೆ.

"ಮೀ ಅತ್ತ ಬಾಗುಂದಾ?" ಅಂತ ತೆಲುಗಿನಲ್ಲಿ ಕ್ಷೇಮ ಕೇಳಿದರು. ನಾನು ಬಾಯಿ ತೆರೆದಿದ್ದಷ್ಟೇ, ಅಳು ಬಂತು. ಅಳುತ್ತಲೇ ಜರಡಿ ಹಿಡಿದಿದ್ದರಿಂದ ಹಿಡಿದು ಎಲ್ಲಾ ಒಪ್ಪಿಸಿದೆ. ಅವರು ಒಳಗೆ ಹೋಗಿ ಮಡಕೆ ತಂದು ಬಾಯಿಗೆ ಮೆತ್ತಿದ್ದ ಮಣ್ಣು ಒಡೆದರು. ಬೂದಿಯೊಳಗೆ ಕೈಯಿಟ್ಟರೆ ಅದೇ ಚುಕ್ಕೆ ಚುಕ್ಕೆಯ ಅವರೆ, ಒಂದು ಕಾಳೂ ಕೆಟ್ಟಿರಲಿಲ್ಲ. ಸರಿಯಾಗಿ ಅರ್ಧ ಅಳೆದು, ಬೂದಿ ಸಮೇತ ನನ್ನ ಟವೆಲ್ಲಿಗೆ ಕಟ್ಟಿದರು. "ಇದೇನು ನಂದಾ? ನಿಮ್ಮತ್ತೇದೇ ಅಲ್ವಾ," ಅಂದರು. ಹೆಸರು ಕೇಳಿಕೊಂಡು, ಕಾಲಿಗೆ ನಮಸ್ಕಾರ ಮಾಡಿ ಬಂದೆ. ಎಲ್ಲೋ ಕೂತು ಆ ಸಾಫ್ಟ್‌ವೇರ್ ಬರೆದವರು ಎದುರಿಗೆ ಸಿಕ್ಕಿದ್ದರೆ ಅವರಿಗೂ ಹಾಗೇ ನಮಸ್ಕಾರ ಮಾಡುತ್ತಿದ್ದೆ.

ಮನೆಗೆ ಬಂದಾಗ ಅತ್ತೆ ಗಂಟು ಬಿಚ್ಚಿ, ಒಂದು ಕಾಳು ಉಜ್ಜಿ ಮೂಸಿ ನೋಡಿ, ಕಣ್ಣಿಗೊತ್ತಿಕೊಂಡರು. ಬಿತ್ತೋಕೆ ಬೇಕಾದಷ್ಟು ಮೊರಕ್ಕೆ ಹಾಕಿ, ಮಿಕ್ಕಿದ್ದರಲ್ಲಿ ಒಂದು ಹಿಡಿ ತೆಗೆದರು.

"ಸೆರಗು ಹಿಡಿಯೇ," ಅಂದರು.

"ನಂಗ್ಯಾಕತ್ತೆ? ಹಾಳು ಮಾಡಿದೋಳು ನಾನು."

"ಅದಕ್ಕೇ ಕಣೇ ನಿಂಗೆ ಕೊಡ್ತಿರೋದು. ಇನ್ನು ನಿನ್ನಷ್ಟು ಜೋಪಾನ ಯಾರು ಮಾಡ್ತಾರೆ? ಹೋಗು, ನಿನ್ನ ಹೆಸರೂ ಬರ್ಕೋ."

ತವರಿನ ಅವರೆ ಹೋದ ಮನೆಗಳ ಪಟ್ಟಿ ತೆರೆದು ಎಂಟನೇ ಸಾಲಿನಲ್ಲಿ ನನ್ನ ಹೆಸರು ಬರೆದೆ. ಆ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ ಆಗಿತ್ತು, ಅತ್ತೆ ನನ್ನ ಮಡಿಲಿಗೆ ಬೀಜ ಹಾಕಿದ್ದು ಅವತ್ತೇ ಮೊದಲು.